ಕುದುರೆಯ ಕಾಲುನೋವು

‘ಕುದುರೆ ಕಂಡರೆ ಕಾಲು ನೋವು’ ಎಂಬ ಗಾದೆಯನ್ನು ನಾವೆಲ್ಲ ಸೋಮಾರಿಗಳನ್ನು ಹಾಸ್ಯ ಮಾಡಲು ಬಳಸುತ್ತ ಬಂದಿದ್ದೇವೆ. ಚೆನ್ನಾಗಿ ನಡೆಯಬಲ್ಲವನೂ ಏರಲು ಕುದುರೆಯೊಂದು ಕಣ್ಣಿಗೆ ಬಿದ್ದೊಡನೆ ಕುಂಟತೊಡಗುತ್ತಾನೆ ಎಂಬುದು ಅದರ ತಾತ್ಪರ್ಯ. ಆ ಗಾದೆಯಲ್ಲಿ ಕಾಲು ಇರುವುದು ಮನುಷ್ಯನಿಗೆ ಮಾತ್ರ. ಕುದುರೆಗೂ ಕಾಲುಗಳಿವೆ, ಅವೂ ನೋಯುತ್ತವೆ ಎಂಬ ಸರಳ ಸಂಗತಿ ನಲವತ್ತು ದಾಟಿದ ನಮಗೆ ಮನದಟ್ಟಾದದ್ದು ಕಳೆದ ದೀಪಾವಳಿಯ ರಜೆಯಲ್ಲಿ, ಮಾಥೇರಾನ್ ಬೆಟ್ಟದ ಕೆಂಪು ಮಣ್ಣಿನ ದಾರಿಯಲ್ಲಿ.

ಮುಂಬಯಿಯವರಿಗೆ ಮಾಥೇರಾನನ್ನು ಪರಿಚಯಿಸಬೇಕಾಗಿಲ್ಲ. ದೆಹಲಿ, ಚೆನ್ನೈಗಳ ಓದುಗರಿಗಾಗಿ ಎರಡು ಮಾತು. ರಾಯಗಡ ಜಿಲ್ಲೆಯ ಈ ಪುಟ್ಟ ಗಿರಿಧಾಮದೊಳಗೆ ಪ್ರವಾಸಿಗರ ಮೋಟಾರು ವಾಹನಗಳಿಗೆ ಪ್ರವೇಶವಿಲ್ಲ. ಕಾರುಗಳೆಲ್ಲ ದಸ್ತೂರಿ ನಾಕಾದಲ್ಲಿ ನಿಲ್ಲಬೇಕು. ಅಲ್ಲಿಂದ ಮುಂದಕ್ಕೆ ನಡಿಗೆ, 1907ರಿಂದ ಇರುವ ಕಿರುರೈಲು, ಇತ್ತೀಚಿನ ಕೆಲವು ಇ-ರಿಕ್ಷಾಗಳು, ಇಲ್ಲವೇ ಕುದುರೆ. ಹೊಗೆಯಿಲ್ಲದ, ಹಾರ್ನಿನ ಸದ್ದಿಲ್ಲದ ಊರೆಂದು ನಾವು ಹೊಗಳುವ ಆ ನೆಮ್ಮದಿಯ ಬಹುಭಾಗವನ್ನು ನೂರಾರು ಕುದುರೆಗಳು ತಮ್ಮ ಗೊರಸುಗಳ ಮೇಲೆ ಹೊತ್ತಿವೆ.

ನಮ್ಮ ಕನ್ನಡ ಬಳಗದ ಐದಾರು ಕುಟುಂಬಗಳು ಕೂಡಿ ಹೋಗಿದ್ದೆವು. ಹನ್ನೊಂದು ವರ್ಷದ ಮಗಳನ್ನು ಕುದುರೆಯ ಮೇಲೆ ಕೂರಿಸಿ ನಾವು ಪಕ್ಕದಲ್ಲಿ ನಡೆಯುತ್ತಿದ್ದೆವು. “ಅಪ್ಪಾ, ಈ ಕುದುರೆ ಹಾಡು ಕೇಳುವವರ ಹಾಗೆ ತಲೆ ಹಾಕುತ್ತಿದೆ ನೋಡಿ” ಎಂದು ಅವಳು ನಕ್ಕಳು. ನಾವೂ ನಕ್ಕೆವು, ಮೊಬೈಲಿನಲ್ಲಿ ಅದನ್ನು ಚಿತ್ರೀಕರಿಸಿಯೂ ಕೊಂಡೆವು. ನಗದೆ ಇದ್ದವರು ಒಬ್ಬರೇ, ನಮ್ಮ ಬಳಗದ ಹಿರಿಯ ಸದಸ್ಯರಾದ ನಿವೃತ್ತ ಪಶುವೈದ್ಯರು. ಹತ್ತು ಹೆಜ್ಜೆ ಹಿಂದೆ ನಿಂತು ಕುದುರೆಯ ನಡಿಗೆಯನ್ನು ದಿಟ್ಟಿಸಿದ ಅವರು, “ಮಗೂನ ಇಳಿಸಿ. ಅದು ತಲೆದೂಗುತ್ತಿಲ್ಲ, ಕುಂಟುತ್ತಿದೆ” ಎಂದರು.

ಮುಂಗಾಲು ನೋಯುತ್ತಿರುವ ಕುದುರೆ ಆ ಕಾಲನ್ನು ನೆಲಕ್ಕೆ ಊರುವಾಗ ಭಾರ ತಪ್ಪಿಸಲೆಂದು ತಲೆಯನ್ನು ಮೇಲಕ್ಕೆತ್ತುತ್ತದೆ; ಒಳ್ಳೆಯ ಕಾಲನ್ನು ಊರುವಾಗ ತಗ್ಗಿಸುತ್ತದೆ. ಮೈಭಾರದ ಶೇಕಡಾ 60ರಷ್ಟು ಮುಂಗಾಲುಗಳ ಮೇಲೆಯೇ ಬೀಳುವುದರಿಂದ ನೋವು ತಲೆಯ ಅಲುಗಾಟದಲ್ಲಿ ಹೀಗೆ ಬಯಲಾಗುತ್ತದೆ. ನಾವು ಚಿತ್ರೀಕರಿಸಿಕೊಂಡದ್ದು ಒಂದು ಮೂಕಪ್ರಾಣಿಯ ನರಳಾಟವನ್ನು. ಆ ದೃಶ್ಯ ಈಗಲೂ ನಮ್ಮ ಮೊಬೈಲಿನಲ್ಲಿದೆ. ಅಳಿಸಲು ಮನಸ್ಸು ಬಂದಿಲ್ಲ, ನೋಡಲು ಧೈರ್ಯವೂ ಬಂದಿಲ್ಲ.

ವೈದ್ಯರು ಅಲ್ಲಿಯೇ ಕುಕ್ಕರಗಾಲಿನಲ್ಲಿ ಕುಳಿತರು. ನಾಲ್ಕೂ ಗೊರಸುಗಳ ಮೇಲೆ ಒಂದೊಂದಾಗಿ ಅಂಗೈ ಇಟ್ಟರು. ಎಡ ಮುಂಗಾಲಿನ ಗೊರಸು ಉಳಿದವುಗಳಿಗಿಂತ ಬಿಸಿಯಾಗಿತ್ತು. ಗೊರಸಿನ ಮೇಲಿನ ಗೆಣ್ಣಿನ ಹಿಂಬದಿಯಲ್ಲಿ ಬೆರಳಿಟ್ಟು, “ಇಲ್ಲಿ ನಾಡಿ ಹುಡುಕಿದರೂ ಸಿಗದಷ್ಟು ಮೆಲ್ಲಗಿರಬೇಕು. ಇದು ಬಡಿಯುತ್ತಿದೆ” ಎಂದು ನಮ್ಮ ಬೆರಳನ್ನೂ ಅಲ್ಲಿ ಇರಿಸಿದರು. ಬಡಿಯುತ್ತಿತ್ತು. ಗೊರಸಿನೊಳಗೆ ಕೀವು ಕಟ್ಟಿದೆ ಎಂಬುದು ಅವರ ಅನುಮಾನ.

ಕುದುರೆಯ ಗೊರಸು ಎಂದರೆ ಬೇರೇನಲ್ಲ, ಅದರ ನಡುಬೆರಳಿನ ಉಗುರು. ಒಂದೊಂದು ಕಾಲಿನಲ್ಲೂ ಒಂದೇ ಬೆರಳು, ಆ ಬೆರಳಿಗೆ ಒಂದೇ ಉಗುರು. ಅದರ ಮೇಲೆಯೇ ಇಡೀ ದೇಹ ನಿಂತಿದೆ. ನಮಗೆ ಉಗುರುಸುತ್ತು ಆದಾಗಿನ ಮಿಡಿತವನ್ನು ನೆನಪಿಸಿಕೊಂಡರೆ ಈ ನೋವಿನ ಅಂದಾಜು ಸಿಕ್ಕೀತು. ಆದರೆ ನಮ್ಮ ಬೆರಳು ಊದಿಕೊಳ್ಳಲು ಸ್ಥಳವಿದೆ. ಗೊರಸು ಗಟ್ಟಿ ಪೆಟ್ಟಿಗೆಯಿದ್ದಂತೆ, ಒಳಗೆ ಕೀವು ಹೆಚ್ಚಿದಷ್ಟೂ ಒತ್ತಡ ಹೆಚ್ಚುತ್ತದೆ, ಹಿಗ್ಗಲು ಎಡೆಯಿಲ್ಲ. ನಿನ್ನೆ ಚೆನ್ನಾಗಿದ್ದ ಕುದುರೆ ಇಂದು ಕಾಲೇ ಮುರಿದಂತೆ ಕುಂಟುವುದು ಇದಕ್ಕೇ. ಮಳೆಗಾಲದುದ್ದಕ್ಕೂ ಕೆಸರಿನಲ್ಲಿ ನೆಂದು ಮೆತ್ತಗಾದ ಗೊರಸು ಮಳೆ ನಿಂತೊಡನೆ ಒಣಗಿ ಬಿರಿಯುತ್ತದೆ. ಗೊರಸಿನ ಗೋಡೆಯೂ ತಳವೂ ಕೂಡುವಲ್ಲಿ ಒಂದು ಬಿಳಿಗೆರೆಯಿದೆ. ಕಲ್ಲಿನ ಚೂರೋ, ವಾರೆಯಾಗಿ ಹೊಡೆದ ಲಾಳದ ಮೊಳೆಯೋ ಆ ಗೆರೆಯಲ್ಲಿ ಸಣ್ಣ ದಾರಿ ಮಾಡಿಕೊಟ್ಟರೆ ಸಾಕು, ರೋಗಾಣುಗಳು ಒಳಹೊಕ್ಕು ಬಿಡಾರ ಹೂಡುತ್ತವೆ. ಮಾಥೇರಾನಿನಲ್ಲಿ ಮಳೆ ಹಿಂದೆ ಸರಿಯುವುದೂ ದೀಪಾವಳಿಯ ಜನಜಂಗುಳಿ ಏರುವುದೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಎಂಬುದನ್ನು ಓದುಗರು ಇಲ್ಲಿ ಗಮನಿಸಬೇಕು. ಗೊರಸು ಅತ್ಯಂತ ದುರ್ಬಲವಾಗಿರುವ ದಿನಗಳೇ ಸವಾರಿಯ ಬೇಡಿಕೆ ಅತ್ಯಂತ ಹೆಚ್ಚಿರುವ ದಿನಗಳು.

ಲಾಳ ಕಟ್ಟುವ ನಾಲಬಂದನನ್ನು ಕರೆಸಲಾಯಿತು. ವಯಸ್ಸಾದವನು, ಮಾತು ಕಡಿಮೆ. ಲಾಳವನ್ನು ಬಿಚ್ಚಿ, ಇಕ್ಕಳದಿಂದ ಗೊರಸಿನ ಅಂಚನ್ನು ಇಂಚಿಂಚಾಗಿ ಒತ್ತುತ್ತ ಹೋದ. ಒಂದೆಡೆ ಒತ್ತಿದಾಗ ಕುದುರೆ ಕಾಲನ್ನು ಸರಕ್ಕನೆ ಎಳೆದುಕೊಂಡಿತು. ಅಲ್ಲಿ ಬಾಗಿದ ಚಾಕುವಿನಿಂದ ತೆಳುತೆಳುವಾಗಿ ಕೆರೆದಾಗ ಬಿಳಿಗೆರೆಯಲ್ಲಿ ಕೂದಲೆಳೆಯಷ್ಟು ಕಪ್ಪು ಗುರುತು ಕಾಣಿಸಿತು. ವೈದ್ಯರು ಮಗ್ಗುಲಲ್ಲಿ ಕುಳಿತು, “ಸಾಕು, ಇನ್ನು ಆಳ ಬೇಡ, ರಕ್ತ ಬರಬಾರದು” ಎನ್ನುತ್ತಿದ್ದಂತೆಯೇ ಬೂದುಗಪ್ಪು ಬಣ್ಣದ, ದುರ್ಗಂಧದ ಕೀವು ಚಿಮ್ಮಿ ಹರಿಯಿತು. ಕುದುರೆ ದೀರ್ಘವಾಗಿ ಉಸಿರು ಬಿಟ್ಟಿತು. ಸ್ವಲ್ಪ ಹೊತ್ತಿನಲ್ಲಿ, ಅದುವರೆಗೆ ತುದಿಯನ್ನಷ್ಟೇ ನೆಲಕ್ಕೆ ಮುಟ್ಟಿಸಿ ನಿಂತಿದ್ದ ಆ ಕಾಲನ್ನು ಅದು ಮೆಲ್ಲನೆ ಪೂರ್ತಿಯಾಗಿ ಊರಿತು.

ಉಳಿದ ಚಿಕಿತ್ಸೆ ನಮ್ಮ ಅಜ್ಜಿಯಂದಿರಿಗೂ ಒಪ್ಪಿಗೆಯಾಗುವಂಥದು. ಎಪ್ಸಮ್ ಉಪ್ಪು ಕೈಗೆ ಸಿಗದ ಕಾರಣ ಹೋಟೆಲಿನ ಅಡುಗೆಮನೆಯಿಂದ ಕಲ್ಲುಪ್ಪು ತಂದು, ಬಕೆಟ್ಟಿನ ಬಿಸಿನೀರಿನಲ್ಲಿ ಕರಗಿಸಿ, ಗೊರಸನ್ನು ಇಪ್ಪತ್ತು ನಿಮಿಷ ಅದರಲ್ಲಿ ಇಳಿಬಿಟ್ಟರು. ಬಳಿಕ ಒರೆಸಿ, ತೂತಿಗೆ ಔಷಧದ ಹತ್ತಿಯಿಟ್ಟು, ಮೇಲೆ ಮಕ್ಕಳ ಡೈಪರೊಂದನ್ನು ಸುತ್ತಿ, ನೀರು ಹೋಗದಂತೆ ಅಂಟುಪಟ್ಟಿ ಬಿಗಿದರು. ಗೊರಸಿಗೆ ಅಷ್ಟು ಚೆನ್ನಾಗಿ ಕೂರುವ ಬೇರೆ ಬ್ಯಾಂಡೇಜು ಇಲ್ಲವಂತೆ. ಕುದುರೆಗಳಿಗೆ ಧನುರ್ವಾಯು ಬಹಳ ಬೇಗ ತಗಲುವುದರಿಂದ ಅದರ ಚುಚ್ಚುಮದ್ದನ್ನು ತಪ್ಪಿಸಬಾರದೆಂದು ವೈದ್ಯರು ಒತ್ತಿ ಹೇಳಿದರು. ಮೊಳೆ ನೆಟ್ಟು ಒಳಗಿನ ಮೂಳೆಗೋ ಕೀಲಿಗೋ ಸೋಂಕು ತಗಲಿದ್ದರೆ ಮಾತು ಬೇರೆ, ಅದು ಆಸ್ಪತ್ರೆಯ ಕೆಲಸ. ಇದು ಹಾಗಿರಲಿಲ್ಲ. ಪ್ರತಿದಿನ ಪಟ್ಟಿ ಬದಲಿಸಬೇಕು, ಒಣನೆಲದ ಮೇಲೆ ನಿಲ್ಲಿಸಬೇಕು. “ಎರಡು ದಿನದಲ್ಲಿ ನೋವು ಇಳಿಯುತ್ತದೆ. ಆದರೆ ತೂತು ಒಣಗಿ ಗಟ್ಟಿಯಾಗುವವರೆಗೆ ಲಾಳ ಬೇಡ, ಸವಾರಿ ಬೇಡ” ಎಂದರು.

“ಎಷ್ಟು ದಿನ, ಡಾಕ್ಟರ್ ಸಾಹೇಬ್?” ಎಂದು ಕುದುರೆಯವನು ಕೇಳಿದ.

“ಹತ್ತು ದಿನ.”

ಅವನು ಏನೂ ಹೇಳಲಿಲ್ಲ. ಕೀವು ಹರಿದಾಗಲೂ ಬದಲಾಗದಿದ್ದ ಅವನ ಮುಖ ಆ ಎರಡು ಶಬ್ದಗಳಿಗೆ ಕಪ್ಪಿಟ್ಟಿತು. ಬಳಿಕ ವಿಚಾರಿಸಿದಾಗ ತಿಳಿದದ್ದು: ಕುದುರೆ ಅವನದಲ್ಲ, ಬೇರೊಬ್ಬರದು. ದಿನದ ದುಡಿಮೆಯಲ್ಲಿ ಮಾಲೀಕನ ಪಾಲು, ಹುಲ್ಲು ಹುರುಳಿಯ ಖರ್ಚು ಕಳೆದು ಉಳಿದದ್ದು ಅವನ ಪಾಲು. ಮಳೆಗಾಲದ ನಾಲ್ಕು ತಿಂಗಳ ಸಾಲ ತೀರಬೇಕಾದದ್ದು ಈ ಹತ್ತು ದಿನಗಳಲ್ಲಿಯೇ. ಕುದುರೆ ಕುಂಟುತ್ತಿರುವುದು ಅವನಿಗೆ ಎರಡು ದಿನದಿಂದ ಗೊತ್ತಿತ್ತು. ನೋವಿನ ಸೂಜಿ ಹಾಕಿಸಿ, ಹೇಗೋ ರಜೆ ಮುಗಿದುಬಿಡಲಿ ಎಂದು ನಡೆಸುತ್ತಿದ್ದ.

ನಮ್ಮ ಗುಂಪಿನಲ್ಲಿ ಕೂಡಲೇ ಎರಡು ಪಕ್ಷಗಳಾದವು. ‘ಇಂಥವರ ಪರವಾನಗಿ ರದ್ದು ಮಾಡಬೇಕು’ ಎಂದಿತು ಒಂದು. ‘ಈ ಸವಾರಿಯನ್ನೇ ನಿಷೇಧಿಸಬೇಕು’ ಎಂದಿತು ಇನ್ನೊಂದು. ಎರಡಕ್ಕೂ ಕಾನೂನಿನ ಬೆಂಬಲ ಇಲ್ಲದಿಲ್ಲ. ಗಾಯವೋ ಹುಣ್ಣೋ ಆಗಿ ಕೆಲಸಕ್ಕೆ ಅನರ್ಹವಾದ ಪ್ರಾಣಿಯನ್ನು ದುಡಿಸುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ದುಡಿಸಿದವನಷ್ಟೇ ಅಲ್ಲ, ದುಡಿಸಲು ಬಿಟ್ಟ ಮಾಲೀಕನೂ ಅಪರಾಧಿ. ಅದರಡಿಯ 1965ರ ನಿಯಮಗಳು ಗಾಡಿ ಎಳೆಯುವ, ಹೊರೆ ಹೊರುವ ಪ್ರಾಣಿಗಳನ್ನು ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು, ಎಡೆಬಿಡದೆ 5 ಗಂಟೆಗಿಂತ ಹೆಚ್ಚು ದುಡಿಸಬಾರದೆನ್ನುತ್ತವೆ. ಮುಂಬಯಿಯ ವಿಕ್ಟೋರಿಯಾ ಸಾರೋಟುಗಳ ಮೋಜಿನ ಸವಾರಿಯನ್ನು ಬಾಂಬೆ ಉಚ್ಚ ನ್ಯಾಯಾಲಯ 2015ರಲ್ಲಿ ಕಾನೂನುಬಾಹಿರವೆಂದು ಸಾರಿ, ಒಂದು ವರ್ಷದೊಳಗೆ ನಿಲ್ಲಿಸಲು ಹೇಳಿತ್ತು. ಮಾಥೇರಾನಿನಲ್ಲಿಯೇ ಮನುಷ್ಯರು ಮನುಷ್ಯರನ್ನು ಎಳೆಯುವ ಕೈರಿಕ್ಷಾಗಳನ್ನು ಆರು ತಿಂಗಳೊಳಗೆ ಕೊನೆಗಾಣಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2025ರ ಆಗಸ್ಟ್‌ನಲ್ಲಿ ಆದೇಶಿಸಿತು. ಅದನ್ನು ನಾವು ಮನಸಾರೆ ಸ್ವಾಗತಿಸುತ್ತೇವೆ.

ಆದರೂ ಆ ಸಂಜೆ ನಮ್ಮನ್ನು ಕಾಡಿದ್ದು ಬೇರೆಯೇ ವಿಚಾರ. ಈ ರೋಗಕ್ಕೆ ಬೇಕಾದ ಔಷಧಗಳ ಪಟ್ಟಿ ಮಾಡಿದರೆ ಚಾಕುವಿನ ಒಂದು ಕೆರೆತ, ಒಂದು ಹಿಡಿ ಉಪ್ಪು, ಕೆಲವು ಡೈಪರುಗಳು, ಒಂದು ಚುಚ್ಚುಮದ್ದು. ಎಲ್ಲ ಸೇರಿದರೂ ನಾವು ಒಂದು ರಾತ್ರಿಗೆ ಹೋಟೆಲಿಗೆ ತೆತ್ತ ಬಾಡಿಗೆಯಷ್ಟಾಗದು. ದುಬಾರಿಯಾದ ಔಷಧ ಒಂದೇ, ಹತ್ತು ದಿನಗಳ ವಿಶ್ರಾಂತಿ. ಅದನ್ನು ಬರೆದುಕೊಡಲು ವೈದ್ಯರಿದ್ದಾರೆ, ಕೊಡದವನನ್ನು ಶಿಕ್ಷಿಸಲು ಕಾನೂನಿದೆ. ಕೊಡುವ ಅಂಗಡಿ ಮಾತ್ರ ಎಲ್ಲಿಯೂ ಇಲ್ಲ. ಅದು ಸಿಗದಿರುವಾಗಲೇ ನೋವಿನ ಸೂಜಿ ಅದರ ಜಾಗಕ್ಕೆ ಬರುತ್ತದೆ. ಕೀವನ್ನು ಹೊರಹಾಕದೆ ನೋವನ್ನಷ್ಟೇ ಅಡಗಿಸಿ ದುಡಿಸಿದರೆ ಕೀವು ಒಳಗೊಳಗೇ ಹರಡಿ, ಗೊರಸೂ ಚರ್ಮವೂ ಸೇರುವ ಅಂಚಿನಲ್ಲಿ ಒಡೆದುಕೊಳ್ಳುತ್ತದೆ. ಹತ್ತು ದಿನದ ರೋಗ ತಿಂಗಳುಗಟ್ಟಲೆ ಎಳೆಯುತ್ತದೆ. ಗೊರಸು ಬೆಳೆಯುವುದು ತಿಂಗಳಿಗೆ ಒಂದು ಸೆಂಟಿಮೀಟರಿಗಿಂತ ಕಡಿಮೆ. ಮೇಲಂಚಿನಲ್ಲಿ ಆದ ಬಿರುಕು ಕೆಳಗಿಳಿದು ಸವೆದುಹೋಗಲು ಹೆಚ್ಚುಕಡಿಮೆ ವರ್ಷವೇ ಬೇಕು.

ಇಂಗ್ಲಿಷ್ ಎಂ.ಎ. ತರಗತಿಗಳಲ್ಲಿ ಮಕ್ಕಳ ಪುಸ್ತಕವೆಂದು ನಾವು ಬದಿಗಿಟ್ಟಿದ್ದ ಅನ್ನಾ ಸ್ಯೂಯೆಲ್ ಅವರ ‘ಬ್ಲ್ಯಾಕ್ ಬ್ಯೂಟಿ’ ಅಂದು ನೆನಪಾಯಿತು. 1877ರಲ್ಲಿ ಪ್ರಕಟವಾದ ಆ ಕಾದಂಬರಿಯ ಲೇಖಕಿ ಹದಿನಾಲ್ಕರ ವಯಸ್ಸಿನಲ್ಲಿ ಬಿದ್ದು ಕಾಲು ಕೆಡಿಸಿಕೊಂಡು, ಆಮೇಲೆ ಬಾಳಿನುದ್ದಕ್ಕೂ ಸರಾಗವಾಗಿ ನಡೆಯಲಾರದೆ ಕುದುರೆಗಾಡಿಯನ್ನೇ ನೆಚ್ಚಿದ್ದವರು. ಕಾಲುನೋವು ಬಲ್ಲವರು ಕುದುರೆಯ ಕಾಲುನೋವನ್ನು ಬರೆದರು. ಅದರಲ್ಲಿ ಸ್ಯಾಮ್ ಎಂಬ ಬಡ ಗಾಡಿಯವನೊಬ್ಬ ಬರುತ್ತಾನೆ. ಕುದುರೆಯನ್ನು ಹೀಗೆ ಬಳಲಿಸಬಹುದೇ ಎಂದು ಕೇಳಿದವರಿಗೆ ಅವನು ಕೊಡುವ ಉತ್ತರ ಲೆಕ್ಕದ ಉತ್ತರ: ಗಾಡಿಗೂ ಕುದುರೆಗಳಿಗೂ ದಿನಕ್ಕೆ 18 ಶಿಲ್ಲಿಂಗ್ ಬಾಡಿಗೆ ಹುಟ್ಟಿದ ಮೇಲೆಯೇ ತನ್ನ ಮಕ್ಕಳ ಅನ್ನದ ಮಾತು. ಲೇಖಕಿ ಕ್ರೌರ್ಯವನ್ನು ಕ್ಷಮಿಸುವುದಿಲ್ಲ. ಆದರೆ ಅದರ ಬೇರು ಚಾಟಿ ಹಿಡಿದ ಕೈಯಲ್ಲಿ ಮಾತ್ರ ಇಲ್ಲ, ಬಾಡಿಗೆಯ ಲೆಕ್ಕದಲ್ಲಿಯೂ ಇದೆ ಎಂದು ತೋರಿಸುತ್ತಾರೆ. ಸುಮಾರು ನೂರೈವತ್ತು ವರ್ಷಗಳ ಬಳಿಕ ಸಹ್ಯಾದ್ರಿಯ ಒಂದು ಬೆಟ್ಟದ ಮೇಲೆ ಅದೇ ಲೆಕ್ಕ ನಮ್ಮೆದುರು ನಿಂತಿತ್ತು.

ನಾವು ಕೇಂದ್ರ ಸರ್ಕಾರದ ನೌಕರರು. ರಜೆಯ ವಿಷಯದಲ್ಲಿ ನಮಗಿರುವಷ್ಟು ಪಾಂಡಿತ್ಯ ಸಾಹಿತ್ಯದಲ್ಲಿಯೂ ಇಲ್ಲವೆಂದು ಮನೆಯವರು ಹಾಸ್ಯ ಮಾಡುವುದುಂಟು. ನಮಗೆ ವರ್ಷಕ್ಕೆ 20 ದಿನಗಳ ಅರ್ಧವೇತನ ರಜೆಯಿದೆ. ವೈದ್ಯರ ಪ್ರಮಾಣಪತ್ರವಿದ್ದರೆ ಅದನ್ನು ಪೂರ್ಣವೇತನದ 10 ದಿನಗಳ ರಜೆಯಾಗಿ ಪರಿವರ್ತಿಸಿಕೊಳ್ಳಬಹುದು. ಹತ್ತು ದಿನ! ಆ ಕುದುರೆಗೆ ಬೇಕಾಗಿದ್ದುದೂ ಅಷ್ಟೇ. ಕಾಲು ಉಳುಕಿದಾಗ ನಾವು ಮಂಚದ ಮೇಲೆ ಕಾಲು ಚಾಚಿ ಕಾದಂಬರಿ ಓದುವುದನ್ನು ಸಾಧ್ಯಗೊಳಿಸುವುದು ನಮ್ಮ ಸದ್ಗುಣವಲ್ಲ, ತಿಂಗಳ ಕೊನೆಗೆ ತಪ್ಪದೆ ಬರುವ ಸಂಬಳ. ಆ ಸಂಬಳ ನಿಂತರೆ ನಾವೂ ಮಾತ್ರೆ ನುಂಗಿ ಕುಂಟುತ್ತ ಲೋಕಲ್ ರೈಲು ಹತ್ತುವವರೇ. ಹೀಗಿರುವಾಗ ಅವನನ್ನು ಕಟುಕನೆಂದು ಕರೆಯುವ ಹಕ್ಕು ನಮಗೆ ಎಲ್ಲಿಂದ ಬಂತು?

ಪ್ರಾಣಿಗೂ ಸಂಬಳಸಹಿತ ರಜೆಯೇ ಎಂದು ಹುಬ್ಬೇರಿಸುವವರು ಅರ್ಥಶಾಸ್ತ್ರದ ಅಶ್ವಾಧ್ಯಕ್ಷ ಪ್ರಕರಣವನ್ನು ನೋಡಬೇಕು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಬಂದು, 1909ರಲ್ಲಿ ಅವರಿಂದಲೇ ಅಚ್ಚಾಗಿ ಲೋಕಕ್ಕೆ ತಿಳಿದ ಗ್ರಂಥ ಅದು. ಯುದ್ಧದಿಂದಲೋ ರೋಗದಿಂದಲೋ ಮುಪ್ಪಿನಿಂದಲೋ ಕೆಲಸಕ್ಕೆ ಬಾರದಾದ ಕುದುರೆಗಳಿಗೂ ಬದುಕಲು ಬೇಕಾದ ಆಹಾರ ಸಲ್ಲಬೇಕೆಂದು ಅಲ್ಲಿ ವಿಧಿಸಿದೆ. ಚಿಕಿತ್ಸೆಯ ದೋಷದಿಂದ ರೋಗ ಉಲ್ಬಣಿಸಿದರೆ ಚಿಕಿತ್ಸೆಯ ವೆಚ್ಚದ ಎರಡರಷ್ಟು ದಂಡವನ್ನೂ ಹೇಳಿದೆ. ಕೌಟಿಲ್ಯನನ್ನು ಕರುಣಾಮಯಿ ಎಂದು ಯಾರೂ ಕರೆದಿಲ್ಲ. ಅದು ಕರುಣೆಯ ಮಾತಲ್ಲ, ಆಡಳಿತದ ಮಾತು: ಕುದುರೆಯ ದುಡಿಮೆಯನ್ನು ಉಣ್ಣುವ ರಾಜ್ಯವೇ ಅದರ ಕಾಯಿಲೆಯ ದಿನಗಳ ಖರ್ಚನ್ನೂ ಹೊರಬೇಕು.

ನಮ್ಮ ವಾದವೂ ಇಷ್ಟೇ. ಮಾಥೇರಾನನ್ನು ಪ್ರವೇಶಿಸುವ ಪ್ರತಿಯೊಬ್ಬ ಪ್ರವಾಸಿಯೂ ದಸ್ತೂರಿಯಲ್ಲಿ ಪ್ರವೇಶ ತೆರಿಗೆ ಕಟ್ಟುತ್ತಾನೆ. ಅದರ ಒಂದು ಪಾಲನ್ನು ಕುದುರೆಗಳ ವಿಶ್ರಾಂತಿಗೆಂದೇ ತೆಗೆದಿಡಲಿ. ಪಶುವೈದ್ಯರು ‘ಕೆಲಸಕ್ಕೆ ಅನರ್ಹ’ ಎಂದು ಬರೆದುಕೊಟ್ಟ ಕುದುರೆಗೆ ಅಷ್ಟು ದಿನಗಳ ಮೇವೂ, ನಡೆಸುವವನಿಗೆ ದಿನಗೂಲಿಯೂ ಆ ನಿಧಿಯಿಂದ ಸಲ್ಲಲಿ. ಭತ್ಯೆ ನಡೆಸುವವನ ಕೈಗೇ ನೇರವಾಗಿ ಹೋಗಬೇಕು. ಆ ಅವಧಿಯಲ್ಲಿ ಕುದುರೆಯ ಪರವಾನಗಿಯ ಬಿಲ್ಲೆ ವೈದ್ಯರ ಬಳಿ ಇರಬೇಕು. ಮಳೆ ಮುಗಿದು ಸವಾರಿ ಶುರುವಾಗುವ ಮುನ್ನ ಪ್ರತಿಯೊಂದು ಗೊರಸಿನ ತಪಾಸಣೆಯಾಗಲಿ. ಮುಂದೆ ಇ-ರಿಕ್ಷಾಗಳು ಹೆಚ್ಚಿ ಕುದುರೆಗಳೇ ಬೇಡವಾಗುವ ದಿನ ಬರಲೂಬಹುದು. ಬಂದರೆ ನಮ್ಮ ತಕರಾರಿಲ್ಲ. ಆದರೆ ಆ ದಿನದವರೆಗೆ ಬದುಕಿರುವ ಕುದುರೆಗಳ ಕಾಲು ಇಂದೇ ನೋಯುತ್ತಿರುತ್ತದೆ. ನಿಷೇಧದ ಮರುದಿನವೂ ಅವು ಹಸಿದೇ ಇರುತ್ತವೆ.

ಭತ್ಯೆಯ ಆಸೆಗೆ ಸುಳ್ಳು ಕುಂಟು ಹುಟ್ಟಿಕೊಳ್ಳುವುದಿಲ್ಲವೇ ಎಂದು ಬಳಗದ ಲೆಕ್ಕಪರಿಶೋಧಕ ಮಿತ್ರರು ಕೇಳಿದರು. ಮನುಷ್ಯರ ವೈದ್ಯಕೀಯ ರಜೆಯಲ್ಲಿ ಸುಳ್ಳು ಎಷ್ಟಿದೆಯೆಂಬುದನ್ನು ನಾವು ಕಚೇರಿಯವರು ಬಲ್ಲೆವು. ಅದಕ್ಕಾಗಿ ಯಾರೂ ರಜೆಯನ್ನು ರದ್ದುಮಾಡಿಲ್ಲ. ಬಿಸಿಯಾದ ಗೊರಸು, ಬಡಿಯುವ ನಾಡಿ, ಇಕ್ಕಳಕ್ಕೆ ಬೆಚ್ಚುವ ಕಾಲು ಇವುಗಳನ್ನು ನಟಿಸುವುದು ಕುದುರೆಗೆ ತಿಳಿಯದು.

ಅಂದು ನಾವು ನಮ್ಮನಮ್ಮಲ್ಲಿ ಹಣ ಕೂಡಿಸಿ ಹತ್ತು ದಿನಗಳ ದುಡಿಮೆಯಷ್ಟನ್ನು ಅವನ ಕೈಗಿಟ್ಟು ಬಂದೆವು. ಅವನು ಎಣಿಸದೆ ಜೇಬಿಗಿಳಿಸಿದ. ಕುದುರೆಯನ್ನು ನೆರಳಿಗೆ ಕಟ್ಟಿದ. ಆತ್ಮತೃಪ್ತಿಯಿಂದ ಬೆಟ್ಟವಿಳಿದೆವು. ಎರಡು ವಾರಗಳ ಬಳಿಕ ನಮ್ಮ ವೈದ್ಯರು ನಾಲಬಂದನಿಗೆ ಫೋನು ಮಾಡಿದಾಗ ನಿಜ ತಿಳಿಯಿತು. ಏಳು ದಿನ ಅವನು ಮಾತಿಗೆ ತಪ್ಪದೆ ಪಟ್ಟಿ ಬದಲಿಸಿದ. ಎಂಟನೆಯ ದಿನ, ಕುಂಟು ಕಾಣುತ್ತಿಲ್ಲವೆಂದು ಮಾಲೀಕ ಲಾಳ ಹೊಡೆಸಿ, ಬೇರೊಬ್ಬನ ಕೈಗೆ ಲಗಾಮು ಕೊಟ್ಟು ಸವಾರಿಗೆ ಕಳಿಸಿದ. ಹಸಿ ತೂತಿಗೆ ಮಣ್ಣು ಹೊಕ್ಕಿತು. ಮತ್ತೆ ಕೀವು, ಮತ್ತೆ ಚಾಕು. ಮೂರು ದಿನ ಉಳಿಸಲು ಹೋಗಿ ಮೂರು ವಾರ ಕಳೆದುಕೊಂಡರು. ನಮ್ಮ ದಾನ ಆ ಬಡವನಿಗೆ ತಲುಪಿತ್ತು, ಕುದುರೆಗೆ ತಲುಪಲಿಲ್ಲ. ಬಿಡಿಬಿಡಿಯಾದ ಕರುಣೆಯಿಂದ ಈ ಕೆಲಸ ಆಗದು, ವ್ಯವಸ್ಥೆಯೇ ಬೇಕು ಎಂದು ಮೇಲೆ ಬರೆದದ್ದು ಈ ಸೋಲಿನ ಅನುಭವದಿಂದ.

ವ್ಯವಸ್ಥೆ ಬರುವವರೆಗೆ ನಮ್ಮ ಪಾಲಿಗೆ ಒಂದು ಕೆಲಸವಿದೆ. ಮಾಥೇರಾನ್ ಇರಲಿ, ಮಹಾಬಳೇಶ್ವರವಿರಲಿ, ವಿಜಯಪುರದ ಟಾಂಗಾ ನಿಲ್ದಾಣವಿರಲಿ, ಏರುವ ಮುನ್ನ ಕುದುರೆಯನ್ನು ಹತ್ತು ಹೆಜ್ಜೆ ನಡೆಸಿ ತೋರಿಸಲು ಕೇಳೋಣ. ತಲೆ ಏರಿಳಿಯುತ್ತಿದೆಯೇ? ನಿಂತಾಗ ಒಂದು ಮುಂಗಾಲನ್ನು ಚಾಚಿ ತುದಿಯನ್ನಷ್ಟೇ ನೆಲಕ್ಕೆ ತಾಗಿಸಿದೆಯೇ? ಹಾಗಿದ್ದರೆ ಏರುವುದು ಬೇಡ. ಚೌಕಾಸಿಯೂ ಬೇಡ, ಬೈಗುಳವೂ ಬೇಡ. ಗೊರಸಿನಲ್ಲಿ ಕೀವಿರಬಹುದು, ನಾಲಬಂದನಿಗೆ ತೋರಿಸು ಎಂದು ಹೇಳಿ, ಆದರೆ ಆ ಸವಾರಿಯ ಹಣವನ್ನು ಕೊಟ್ಟು, ನಮ್ಮ ಕಾಲ ಮೇಲೆ ನಾವು ನಡೆಯೋಣ. ಅಷ್ಟು ದೂರ ನಡೆಯಲು ನಮ್ಮಲ್ಲಿ ಬಹುತೇಕರಿಗೆ ಯಾವ ಕಾಲುನೋವೂ ಇರುವುದಿಲ್ಲ.